ಮೊದಲ ಗುರುವಿನ ಹೆಸರು

“ತಲೆ ವಾಲ್ತೈತೆ, ನೆಟ್ಟಗೆ ಹಿಡಕಳೋ ಮಾರಾಯ!” ಎಂದು ಮೇಲಿನಿಂದ ಅಯ್ಯನವರು ಗದರಿದರು.

ಗುಣಿಯೊಳಗೆ ಇಳಿದಿದ್ದ ಮಹೇಶ್ವರಪ್ಪ ಹೆಣದ ಬೆನ್ನಿಗೆ ತನ್ನ ಎದೆ ಕೊಟ್ಟು, ಗಲ್ಲ ಎತ್ತಿ ಹಿಡಿದ. ಟೈಲರ್ ಪಂಚಾಕ್ಷರಪ್ಪ ಮೂವತ್ತೈದು ವರ್ಷ ಆನವಟ್ಟಿಯ ಸಂತೆಬೀದಿಯಲ್ಲಿ ಮಿಷನ್ನಿನ ಮೇಲೆ ಬಗ್ಗಿ ಕೂತವನು. ಸತ್ತ ಮೇಲೂ ಅವನ ಬೆನ್ನು ನೆಟ್ಟಗಾಗಲು ಒಪ್ಪಲಿಲ್ಲ. ಕೂರಿಸಿ ಮಣ್ಣು ಮಾಡುವ ಜನಕ್ಕೆ ಇದೊಂದು ಪೇಚು.

“ಪಾಪ, ಒಳ್ಳೆ ಮನುಷ್ಯ. ಆ ಒಂದು ಬಡಾಯಿ ಬಿಟ್ರೆ,” ಎಂದರು ಯಾರೋ.

ಬಡಾಯಿ ಏನೆಂದು ಊರಿಗೆಲ್ಲ ಗೊತ್ತಿತ್ತು. ಈಗ ರೇಡಿಯೋದಲ್ಲಿ ಹಾಡುವ ಕಲ್ಲಪ್ಪ ಚಿಕ್ಕಂದಿನಲ್ಲಿ ಪಂಚಾಕ್ಷರಪ್ಪನ ಅಂಗಡಿಯಲ್ಲಿ ಅಂಗಿಗೆ ಕಾಜಾ ಹಾಕುತ್ತಿದ್ದ. ಅವನಿಗೆ ಮೊದಲು ಸ್ವರ ಹಿಡಿಯಲು ಕಲಿಸಿದ್ದು ತಾನೇ ಎನ್ನುತ್ತಿದ್ದ ಪಂಚಾಕ್ಷರಪ್ಪ. ಕಾಜಾ ಹಾಕಿದ್ದನ್ನು ಊರು ನಂಬಿತು, ಕಲಿಸಿದ್ದನ್ನು ನಂಬಲಿಲ್ಲ.

*

ಹೋದ ಗುರುವಾರ ಸಂಜೆ ಧಾರವಾಡದ ನಿಲಯದಿಂದ ಕಲ್ಲಪ್ಪನ ಸಂದರ್ಶನ, ಆಮೇಲೆ ಹಾಡು ಎಂದು ತಿಳಿದಾಗ ಪಂಚಾಕ್ಷರಪ್ಪ ಮನೆಮನೆಗೆ ಹೋಗಿ ಜನರನ್ನು ಕರೆದಿದ್ದ. ಪಂಚಾಯ್ತಿ ಕಟ್ಟೆಯ ಮುಂದೆ ಬಯಲಾಟಕ್ಕೆ ಸೇರುವಷ್ಟು ಜನ. ಇಸ್ತ್ರಿ ಮಾಡಿದ ಕೋಟು ತೊಟ್ಟು ಅವನು ಎಲ್ಲರಿಗಿಂತ ಮುಂದೆ ಕೂತ. ಎರಡು ವರ್ಷದ ಕೆಳಗೆ, ರಾಜ್ಯ ಒಂದಾದ ಹೊಸತರಲ್ಲಿ ಬಂದ ಪಂಚಾಯ್ತಿಯ ರೇಡಿಯೋವನ್ನು ನೋಡಿಕೊಳ್ಳುತ್ತಿದ್ದವನು ಅವನ ಬಾಲ್ಯದ ಗೆಳೆಯ ಮಹೇಶ್ವರಪ್ಪ.

“ತಮ್ಮ ಗುರುಗಳು ಯಾರು?” ಎಂದು ಕೇಳಿತು ಪೆಟ್ಟಿಗೆ.

ಕಲ್ಲಪ್ಪ ಗದಗಿನವರೊಬ್ಬರ ಹೆಸರು ಹೇಳಿದ. ಪುಣೆಯವರೊಬ್ಬರ ಹೆಸರು ಹೇಳಿ, ಅವರ ಮನೆಗೆ ನೀರು ಹೊತ್ತದ್ದನ್ನು ವಿಸ್ತಾರವಾಗಿ ವರ್ಣಿಸಿದ. ಹಿಂದಿನಿಂದ ಒಬ್ಬ ಕಿಸಕ್ಕನೆ ನಕ್ಕ. ಪಂಚಾಕ್ಷರಪ್ಪನ ಕಿವಿ ಕೆಂಪೇರಿತು. ಆಡಿಕೊಳ್ಳುವವರ ಮುಂದೆ ಗೆಳೆಯ ಎಡವಿ ಬೀಳುವುದನ್ನು ಮಹೇಶ್ವರಪ್ಪನಿಗೆ ನೋಡಲಾಗಲಿಲ್ಲ. ರೇಡಿಯೋದ ಹಿಂದೆ ಕೈ ಹಾಕಿ ಬ್ಯಾಟರಿಯ ತಂತಿ ಎಳೆದುಬಿಟ್ಟ.

“ಬ್ಯಾಟ್ರಿ ಹೋತು,” ಎಂದ.

“ಹೇಳ್ತಿದ್ದ ಕಣೋ. ಇನ್ನೊಂದು ಗಳಿಗೆ ಇದ್ದಿದ್ರೆ ಹೇಳ್ತಿದ್ದ,” ಎಂದ ಪಂಚಾಕ್ಷರಪ್ಪ.

ಜನ ನಗುತ್ತ ಎದ್ದರು. ಬ್ಯಾಟರಿ ಟೈಲರನ ಮಾನ ಉಳಿಸಿತು ಎಂದು ಮರುದಿನ ಬೀದಿಯಲ್ಲೆಲ್ಲ ಅದೇ ಮಾತು. ಅವನು ಅಂಗಡಿ ತೆಗೆಯಲಿಲ್ಲ. ಐದನೆಯ ದಿನ ಎದೆ ಹಿಡಿದುಕೊಂಡು ಕುಸಿದವನು ಮತ್ತೆ ಏಳಲಿಲ್ಲ. ಒಳ್ಳೆಯದಕ್ಕೇ ಮಾಡಿದೆ ಎಂದು ಆ ಐದು ದಿನವೂ ಮಹೇಶ್ವರಪ್ಪ ತನಗೆ ತಾನೇ ಹೇಳಿಕೊಂಡಿದ್ದ.

*

ಅಯ್ಯನವರು ವಿಭೂತಿಗಟ್ಟಿಗಳನ್ನು ಗುಣಿಗೆ ಇಳಿಸುತ್ತಿದ್ದಾಗ, ಶಿಕಾರಿಪುರದ ಬಸ್ಸಿನಿಂದಿಳಿದ ಹುಲಿಯಪ್ಪ ಏದುಸಿರು ಬಿಡುತ್ತ ಬಂದ. ಅಲ್ಲಿ ಬಟ್ಟೆ ಅಂಗಡಿ ಇಟ್ಟವನು, ಪಂಚಾಕ್ಷರಪ್ಪನಿಗೆ ಹಳೆಯ ಪರಿಚಯ. ನೇರ ಸತ್ತವನ ಹೆಂಡತಿ ದ್ಯಾಮಮ್ಮನ ಮುಂದೆ ನಿಂತು ಕೈಮುಗಿದ.

“ಏನು ಮಾಡಾಕಾಗ್ತೈತ್ರೀ ಅಕ್ಕಾರ. ಗುರುವಾರ ರೇಡಿಯೋದಾಗ ಅವರ ಹೆಸರು ಕೇಳಿ ನಮ್ಮ ಅಂಗಡಿಯಾಗ ಎಲ್ರಿಗೂ ಚಾ ಕುಡಿಸಿದ್ದೆ. ಅವರೂ ಕೇಳಿ ಹೋದ್ರಲ್ಲ, ಅಷ್ಟಾರ ಆತು.”

“ಯಾವ ಹೆಸರು? ಇಲ್ಲಿ ಬ್ಯಾಟ್ರಿ ಹೋಗಿತ್ತು,” ಎಂದಳು ದ್ಯಾಮಮ್ಮ.

“ಅಯ್ಯೋ ಶಿವನ! ಕೇಳ್ಲೇ ಇಲ್ಲೇನ್ರೀ? ಪುಣೆಯವರ ಸುದ್ದಿ ಮುಗಿಸಿ ಅಂದ್ರಲ್ರೀ, ‘ಇವರೆಲ್ಲ ಆಮೇಲಿನೋರು. ನನ್ನ ಮೊದಲನೇ ಗುರು ಆನವಟ್ಟಿ ಟೈಲರ್ ಪಂಚಾಕ್ಷರಪ್ಪೋರು. ನನ್ನ ಷಡ್ಜ ಅಲುಗದಂಗ ನಿಲ್ಲಾಕ ವರ್ಷಗಟ್ಲೆ ಕಾದ್ರು’ ಅಂತ. ಹಾಡಿದ್ದೂ ಅವರ ಹೆಸರಿನ ಮ್ಯಾಲೇ.”

ಬಡಾಯಿ ಎಂದವನು ನೆಲ ನೋಡಿದ. ನಾನೇ ತಂತಿ ಎಳೆದೆ ಎಂಬ ಮಾತು ಮಹೇಶ್ವರಪ್ಪನ ನಾಲಗೆಯ ತುದಿಗೆ ಬಂತು, ಅಲ್ಲೇ ನಿಂತಿತು. ಅವನಿಗೆ ತನ್ನ ಮೇಲೇ ಅಸಹ್ಯವಾಯಿತು.

ದ್ಯಾಮಮ್ಮ ಅಳಲಿಲ್ಲ. ಗುಣಿಯ ಅಂಚಿಗೆ ಬಂದು ಕುಕ್ಕರಿಸಿದಳು.

“ಮಹೇಶ್ವರಣ್ಣ, ನಂಗೆ ಎಟುಕಲ್ಲ. ನೀನು ಹತ್ರ ಇದೀಯ. ಕಲ್ಲಪ್ಪ ಹೆಸರು ಹೇಳ್ದ ಅಂತ ಅವರ ಕಿವೀಲಿ ಹೇಳಿಬಿಡಪ್ಪ. ನೀನು ಹೇಳಿದ್ರೆ ನಂಬ್ತಾರೆ.”

ಮಹೇಶ್ವರಪ್ಪ ತಣ್ಣಗಿದ್ದ ಆ ಕಿವಿಗೆ ಬಾಯಿ ಹಚ್ಚಿದ. ತುಟಿ ಅಲುಗಿತು, ದನಿ ಹೊರಡಲಿಲ್ಲ. ಅವನು ಹೇಳುತ್ತಿದ್ದಾನೆಂದೇ ತಿಳಿದು, ಮೇಲೆ ನಿಂತವರೆಲ್ಲ ಮುಷ್ಟಿಯಲ್ಲಿ ಬಿಲ್ವಪತ್ರೆ ಹಿಡಿದುಕೊಂಡು, ಮುಗಿಯಲೆಂದು ಕಾದರು.