ಎಂಟು ಓರೆಪಟ್ಟಿಗಳು

ಲಾಂಡ್ರಿಯ ಹಿತ್ತಲಿಗೆ ಕಾಲಿಟ್ಟ ವೆಲ್ಡರ್‌ ಅಲ್ಲೇ ನಿಂತುಬಿಟ್ಟ. ಹೋದ ವರ್ಷ ತಾನೇ ಕೈಯಾರೆ ಮಾಡಿಕೊಟ್ಟಿದ್ದ ನೀರಿನ ಟ್ಯಾಂಕಿನ ಸ್ಟ್ಯಾಂಡು ಬೋಳುಬೋಳಾಗಿ ನಿಂತಿತ್ತು. ಕಾಲಿನಿಂದ ಕಾಲಿಗೆ ಓರೆಯಾಗಿ ಬೆಸೆದಿದ್ದ ಎಂಟು ಪಟ್ಟಿಗಳನ್ನೂ ಯಾರೋ ಕತ್ತರಿಸಿ ಹಾಕಿದ್ದರು. ಮೇಲೆ ಹಳೆಯದರ ಎರಡರಷ್ಟು ದೊಡ್ಡ ಟ್ಯಾಂಕು, ಸದ್ಯಕ್ಕೆ ಖಾಲಿ. ಹತ್ತು ಹೆಜ್ಜೆ ಆಚೆ, ಬಿಸಿಲಿನಲ್ಲಿ, ಅವನನ್ನು ಎತ್ತಿ ಆಡಿಸಿ ಸಾಕಿದ ಅಕ್ಕ ಇಸ್ತ್ರಿ ಮಾಡುತ್ತಿದ್ದಳು.

"ನಾನೇ ಕಟ್ ಮಾಡಿಸಿದೆ," ಎಂದ ಲಾಂಡ್ರಿಯ ಯಜಮಾನ. "ಬಟ್ಟೆ ಗಾಡಿ ತಳ್ಳೋಕೆ ಅಡ್ಡ ಬರ್ತಿತ್ತು. ಭಾರ ಹೊರೋದು ಕಾಲು ತಾನೇ? ಆ ಪಟ್ಟಿ ಏನು ಹೊರುತ್ತೆ, ಮಣ್ಣು!"

ಮಾತು ಸುಳ್ಳಲ್ಲ, ಅದೇ ಸಂಕಟ. ಭಾರ ಹೊತ್ತ ಕಾಲು ಪಕ್ಕಕ್ಕೆ ವಾಲದಂತೆ ಹಿಡಿದುಕೊಳ್ಳುವುದಷ್ಟೇ ಓರೆಪಟ್ಟಿಯ ಕೆಲಸ. ವೆಲ್ಡರ್ ಅಂಗಿ ಮಡಿಸುವ ರಟ್ಟಿನಿಂದ ನಾಲ್ಕು ಪಟ್ಟಿ ಹರಿದು, ಮೂಲೆಗಳಿಗೆ ಪಿನ್ನು ಚುಚ್ಚಿ ಚೌಕ ಮಾಡಿದ. ಬೆರಳು ತಾಗಿದೊಡನೆ ಚೌಕ ಸೊಟ್ಟಗೆ ಮಲಗಿತು. ಐದನೆಯದನ್ನು ಮೂಲೆಯಿಂದ ಮೂಲೆಗೆ ಚುಚ್ಚಿದ. ಈಗ ಜಪ್ಪಯ್ಯ ಎಂದರೂ ಅಲುಗಲಿಲ್ಲ.

"ನೋಡಿ, ಎರಡು ತ್ರಿಕೋನ ಆಯ್ತು. ತ್ರಿಕೋನಕ್ಕೆ ವಾಲೋಕೆ ದಾರಿನೇ ಇಲ್ಲ."

"ಇದು ರಟ್ಟು ಕಣಯ್ಯ, ಅದು ಕಬ್ಬಿಣ." ಯಜಮಾನ ಸ್ಟ್ಯಾಂಡಿನ ಕಾಲನ್ನು ತಳ್ಳಿ ನೋಡಿದ. ಖಾಲಿ ಟ್ಯಾಂಕಲ್ಲವೇ, ಕಾಲು ಮರ್ಯಾದಸ್ಥನಂತೆ ನಿಂತಿತ್ತು. "ಎಲ್ಲಿ ಅಲ್ಲಾಡುತ್ತೆ? ಅಷ್ಟು ಭಯ ಇದ್ರೆ ಮೇಲಿನ ಮೂಲೆಗೆ ಒಂದೊಂದು ತುಂಡು ಕೂರಿಸು. ಗಾಡಿಗೆ ಅಡ್ಡ ಮಾತ್ರ ಏನೂ ಬೇಡ."

ಆಗಲ್ಲ ಎನ್ನಲು ಬಾಯಿ ತೆರೆದವನನ್ನು ಅಕ್ಕ ಬದಿಗೆ ಎಳೆದುಕೊಂಡು ಹೋದಳು.

"ಸುಮ್ನಿರೋ. ನನ್ನ ಕೆಲಸಕ್ಕೆ ಕಲ್ಲು ಹಾಕ್ಬೇಡ. ಈ ವಯಸ್ಸಲ್ಲಿ ನನ್ನನ್ನ ಇನ್ಯಾರು ಕರೀತಾರೆ?"

"ಹಾಗಾದ್ರೆ ಅದರ ಹತ್ರ ಸುಳಿಯಲ್ಲ ಅಂತ ಹೇಳು."

"ಸುಳಿಯಲ್ಲಪ್ಪ. ಸಾಕಾ?"

ಏನೂ ಇಲ್ಲದ್ದಕ್ಕಿಂತ ಇಷ್ಟಾದರೂ ಇರಲಿ ಎಂದುಕೊಂಡ ಪುಣ್ಯಾತ್ಮ. ಮೂಲೆಗಳಿಗೆ ಅಂಗೈಯಗಲದ ಕಬ್ಬಿಣದ ತುಂಡುಗಳನ್ನು ಬೆಸೆದು ಬಣ್ಣ ಬಳಿದ. ಆ ಎತ್ತರಕ್ಕೆ, ಆ ತೆಳು ಕಾಲಿಗೆ ಅದು ಸಾಲದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ನೋಡಲು ಮಾತ್ರ ಕೆಲಸ ಅಚ್ಚುಕಟ್ಟಾಗಿ ಬಂದಿತ್ತು. ಅದೊಂದು ದರಿದ್ರ ಅಭ್ಯಾಸ ಅವನಿಗೆ.

ಮೂರು ದಿನ ಬಿಟ್ಟು, ಮನಸ್ಸು ತಡೆಯದೆ ಬಂದು ನೋಡಿದರೆ ಟ್ಯಾಂಕು ಕಂಠಪೂರ್ತಿ ತುಂಬಿತ್ತು. ಅದರ ಕೆಳಗಿನ ನೆರಳಿನಲ್ಲಿ, ಗಾಡಿ ಹೋಗುವಷ್ಟು ಜಾಗ ಬಿಟ್ಟು, ಅಕ್ಕ ಇಸ್ತ್ರಿ ಮೇಜು ಹಾಕಿಕೊಂಡಿದ್ದಳು. ಪಕ್ಕದಲ್ಲಿ ಇನ್ನಿಬ್ಬರು ಹೆಂಗಸರು ಬಟ್ಟೆ ಮಡಿಸುತ್ತಿದ್ದರು.

"ಅಕ್ಕಾ, ಈಚೆ ಬಾ! ಸುಳಿಯಲ್ಲ ಅಂದಿದ್ದೆಯಲ್ಲ!"

"ಅದು ನೀನು ಸರಿ ಮಾಡೋಕ್ಕೆ ಮುಂಚೆ," ಅವಳು ನಕ್ಕಳು. "ಇವರೂ ಹೆದರ್ತಿದ್ರು. ನನ್ನ ತಮ್ಮನ ಕೈಕೆಲಸ, ಬನ್ನಿ ಅಂತ ನಾನೇ ಕರ್ಕೊಂಡು ಬಂದೆ."

"ನಾನು ಮಾಡಿದ್ದು ಸಾಕಾಗಲ್ಲ ಅಕ್ಕ."

"ಸಾಕಾಗದೆ ಇರೋದನ್ನ ನೀನ್ಯಾಕೆ ಮಾಡ್ತಿದ್ದೆ?"

ಅವನು ಯಜಮಾನನ ಬಳಿ ಓಡಿದ. "ನೀನೇ ಗಟ್ಟಿ ಮಾಡಿ ಹೋದೆಯಲ್ಲಪ್ಪ, ಇನ್ನೇನು?" ಎಂದ ಅವನು ತಲೆಯನ್ನೂ ಎತ್ತಲಿಲ್ಲ.

ವೆಲ್ಡರ್ ಮರಳಿ ಬಂದು ಕಾಲೊಂದರ ಮೇಲೆ ಅಂಗೈ ಇಟ್ಟ. ಗಾಡಿ ಉರುಳಿ ಹೋದಾಗ ಕಬ್ಬಿಣ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ, ಕಣ್ಣಿಗೆ ಕಾಣದಷ್ಟು ಓಲಾಡಿತು. ಅವನಿಗೆ ಅಳು ಬಂತು. ಅಕ್ಕನ ತೋಳು ಹಿಡಿದು ಎಳೆದ.

"ಬಿಡೋ, ಅಂಗಿ ಸುಟ್ಟುಹೋಗುತ್ತೆ," ಎಂದು ಅವಳು ಕೊಸರಿಕೊಂಡು, ಅಲ್ಲೇ ನಿಂತು ಮತ್ತೆ ಇಸ್ತ್ರಿಪೆಟ್ಟಿಗೆ ಎತ್ತಿಕೊಂಡಳು.