ಕೋಟಿನ ಮೇಲಿನ ಅಲೆ

"ಗದ್ದ ಸ್ವಲ್ಪ ಕೆಳಗೆ," ಎಂದ, ಕ್ಯಾಮೆರಾದ ಹಿಂದಿನಿಂದ.

ಹೆಂಡತಿ ಗದ್ದ ಇಳಿಸಿದಳು. ಅವಳು ಕೇಳಿದ್ದು ಬೇರೆಯೇ: ನಾಡಿದ್ದು ಹೊರಡ್ತಿದ್ದೀನಿ, ನಿಮಗೇನೂ ಹೇಳೋದಿಲ್ವಾ, ಅಂತ. ಇವನಿಗೆ ಹೇಳುವುದಿತ್ತು. ಗದ್ದ ಕೆಳಗೆ ಅನ್ನುವುದಿತ್ತು. ಹೇಳಿದ.

ದೂರದ ಊರಿನ ಆಸ್ಪತ್ರೆಯಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಅಲ್ಲಿನ ಲ್ಯಾಬಿಗೆ ಇನ್ನು ಅವಳೇ ಮುಖ್ಯಸ್ಥೆ. ಗೋಡೆಗೆ ಹಾಕಲು ಒಂದು ಫೋಟೊ ಬೇಕೆಂದಿದ್ದರು. ಗಂಡನೇ ಫೋಟೊಗ್ರಾಫರ್ ಆಗಿರುವಾಗ ಬೇರೆಯವರ ಮುಂದೆ ಯಾಕೆ ಕೂರಬೇಕು? ಇವನಿಗಂತೂ ಹಾಲು ಕುಡಿದಷ್ಟು ಸಂತೋಷವಾಗಿತ್ತು. ಅವಳು ಹೋಗುತ್ತಿರುವುದಕ್ಕಲ್ಲ, ಛೆ! ಬೆಳಗಿನ ಬೆಳಕು ಚೆನ್ನಾಗಿತ್ತು, ಕೈಗೆ ಕೆಲಸವಿತ್ತು, ಮನೆಯಲ್ಲಿ ಜಗಳವಿರಲಿಲ್ಲ. ಜಗಳವಿಲ್ಲದ ಮನೆ ಎಷ್ಟು ಜನರಿಗುಂಟು ಹೇಳಿ.

ಕ್ಲಿಕ್ಕಿಸಿ ಸ್ಕ್ರೀನ್ ನೋಡಿದ. ಮುಖ ಚೆನ್ನಾಗಿಯೇ ಬಂದಿತ್ತು. ಆದರೆ ಸಣ್ಣ ಗೆರೆಗಳ ಬೂದು ಕೋಟಿನ ತುಂಬ ಹಸಿರು, ನೇರಳೆ ಅಲೆಗಳು, ನೀರಿಗೆ ಬಿದ್ದ ಎಣ್ಣೆಯ ಹಾಗೆ.

"ಥೂ, ಅಲೆ ಬಂತು."

"ಎಲ್ಲಿ?" ಅವಳು ಕೋಟು ಎಳೆದು ನೋಡಿಕೊಂಡಳು. "ಇಲ್ಲೇನೂ ಇಲ್ವಲ್ರೀ."

"ಕೋಟಲ್ಲಿಲ್ಲ. ಫೋಟೊದಲ್ಲಿದೆ."

"ಹಾಗಾದ್ರೆ ಕ್ಯಾಮೆರಾ ಕೆಟ್ಟಿದೆ."

"ಕ್ಯಾಮೆರಾಗೇನು ರೋಗ?"

ಅವನು ಭೌತಶಾಸ್ತ್ರ ಓದಿದವನು. ಇಂಥ ಪ್ರಶ್ನೆ ಸಿಕ್ಕರೆ ಬಿಟ್ಟಾನೆಯೇ? ಬಟ್ಟೆಯಲ್ಲಿ ಸಣ್ಣ ನೇಯ್ಗೆ, ಕ್ಯಾಮೆರಾದ ಒಳಗೆ ಚುಕ್ಕಿಗಳ ಸಣ್ಣ ಜಾಲರಿ. ಒಂದರ ಮೇಲೊಂದು ಕೂತಾಗ ಎರಡರಲ್ಲೂ ಇಲ್ಲದ ಅಲೆ ಏಳುತ್ತದೆ. "ಯಾರದ್ದೂ ತಪ್ಪಿಲ್ಲ ನೋಡು. ಎರಡೂ ಅಷ್ಟು ಅಚ್ಚುಕಟ್ಟಾಗಿರೋದ್ರಿಂದ್ಲೇ ಬರೋದು."

ಅವಳು ನಕ್ಕಳು. "ನಮ್ಮಮ್ಮನಿಗೆ ಇದನ್ನೇ ಹೇಳಬೇಕಿತ್ತು. ತಪ್ಪು ಯಾರದ್ದು, ಯಾರದ್ದು ಅಂತ ಪ್ರಾಣ ತಿಂತಿದ್ದಾಳೆ."

ಅವನೂ ನಕ್ಕ. ಯಾವ ತಪ್ಪು ಎಂದು ಕೇಳಲಿಲ್ಲ.

"ಕೋಟು ಬದಲಾಯಿಸ್ಲಾ?"

"ಬೇಡ, ಬೇಡ. ಸ್ವಲ್ಪ ಹಿಂದೆ ಹೋದ್ರೆ ಸರಿಹೋಗುತ್ತೆ."

"ನಾನಾ?"

"ನಾನು."

ಇದು ಅವನ ಕಸುಬಿನ ಗುಟ್ಟು. ಬೇರೆಯವರು ಆಮೇಲೆ ಕಂಪ್ಯೂಟರಿನಲ್ಲಿ ಉಜ್ಜಿ ಉಜ್ಜಿ ಬಟ್ಟೆಯ ಬಣ್ಣವನ್ನೇ ಕೊಲ್ಲುತ್ತಾರೆ. ಇವನು ಹಿಂದೆ ಸರಿಯುತ್ತಾನೆ. ದೂರ ಬದಲಾದರೆ ನೇಯ್ಗೆಗೂ ಜಾಲರಿಗೂ ತಾಳೆ ತಪ್ಪಿ ಅಲೆ ಅಡಗುತ್ತದೆ. ಹಿಂದೆ ಸರಿದು ಕೆಟ್ಟದ್ದು ಅವನಿಗೆ ನೆನಪೇ ಇಲ್ಲ.

ಸರಿದ. ಅಲೆ ಸಣ್ಣದಾಯಿತು.

"ರೀ, ಬೇಡ ಅನ್ನೋದಿದ್ರೆ ಈಗ್ಲೂ ಹೇಳಿ."

"ಏನು ಬೇಡ?"

"ನಾನು ಹೋಗೋದು."

ಸ್ಕ್ರೀನಿನಲ್ಲಿ ಅಲೆ ಮತ್ತೆ ಎದ್ದಂತೆ ಕಂಡಿತು.

"ಭುಜ ಹಾಗೇ ಇರ್ಲಿ," ಎಂದು ಇನ್ನೂ ಹಿಂದೆ ಸರಿದ.

ಬೆನ್ನಿಗೆ ಗಾಜಿನ ಬಾಗಿಲು ತಾಗಿತು. ಬೆನ್ನಿನಿಂದಲೇ ತಳ್ಳಿ ವರಾಂಡಕ್ಕೆ ಹೋದ. ಸ್ಪ್ರಿಂಗಿನ ಬಾಗಿಲು ತಾನಾಗಿ ಮುಚ್ಚಿಕೊಂಡಿತು. ನಿನ್ನೆ ತಾನೇ ಒರೆಸಿದ ಗಾಜು, ಒಂದು ಕಲೆಯಿಲ್ಲ.

ಆಹಾ, ಅಲೆ ಮಾಯ!

ಗಾಜಿನಾಚೆ ಅವಳ ತುಟಿ ಅಲ್ಲಾಡುತ್ತಿತ್ತು. ಏನೋ ಹೇಳುತ್ತಿದ್ದಳು, ಒಂದೆರಡು ಮಾತಲ್ಲ, ತುಂಬ. ಮಾತಾಡುವ ಬಾಯಿ ಫೋಟೊಗೆ ಒಳ್ಳೆಯದಲ್ಲ. ತನ್ನ ತುಟಿಯ ಮೇಲೆ ಬೆರಳಿಟ್ಟು ತೋರಿಸಿದ. ಅವಳು ಸುಮ್ಮನಾದಳು. ಕ್ಲಿಕ್ಕಿಸಿದ.

ಸ್ಕ್ರೀನಿನಲ್ಲಿ ಕೋಟನ್ನು ದೊಡ್ಡದು ಮಾಡಿ ನೋಡಿದ. ಕಾಲರು, ತೋಳು, ಜೇಬು. ಎಲ್ಲಾ ಶುಭ್ರ. ಮುಖ ನೋಡುವುದು ಮರೆತುಹೋಯಿತು. ಮುಖದ ಮೇಲೆ ಅಲೆ ಬರುವುದಿಲ್ಲವಲ್ಲ. ಇಂಥ ತೃಪ್ತಿ ದಿನಾ ಸಿಗುತ್ತದೆಯೇ! ಅವಳಿಗೂ ತೋರಿಸೋಣವೆಂದು ತಲೆಯೆತ್ತಿದ.

ಕೋಟು ಅವಳು ಕೂತಿದ್ದ ಕುರ್ಚಿಯ ಬೆನ್ನಿಗೆ ಹಾಕಿತ್ತು. ಒಳಮನೆಯ ಬಾಗಿಲು ತೆರೆದಿತ್ತು.

ನೀರು ಕುಡಿಯಲು ಹೋಗಿರಬೇಕು ಎಂದುಕೊಂಡ. ಗಾಜಿನಾಚೆ ಕೋಟು ಎರಡೂ ತೋಳು ಇಳಿಬಿಟ್ಟುಕೊಂಡು ನೆಟ್ಟಗೆ, ಸದ್ದಿಲ್ಲದೆ ಕೂತಿತ್ತು. ಬೆಳಕು ಇನ್ನೂ ಚೆನ್ನಾಗಿತ್ತು. ಯಾವುದಕ್ಕೂ ಇರಲಿ ಎಂದು ಅದಕ್ಕೇ ಫೋಕಸ್ ಮಾಡಿ ಇನ್ನೊಂದು ತೆಗೆದ.