ಹಿಂದೆ ಹೋಗಬೇಕಾದ ಪುಟ ಮುಂದೆ ಹೋದದ್ದು

ಸಂಧ್ಯಾಳ ಟ್ಯಾಬ್‌ಗೆ ಒಂದು ಕೆಟ್ಟ ಚಾಳಿ ಇತ್ತು. ಪುಸ್ತಕ ಓದುತ್ತ ಕೂತಾಗ ನಡುವೆ ಯಾರದಾದರೂ ಫೋನ್ ಬಂತೆಂದರೆ, ಇಲ್ಲವೇ ಅತ್ತೆ ಸುಕ್ರಿ "ಒಂದು ಭಜನೆ ಹಾಕೆ ತಂಗಿ" ಎಂದು ಹಾಡು ಹಾಕಿಸಿಕೊಂಡರೆಂದರೆ ಮುಗಿಯಿತು. ತಿರುಗಿ ಬರುವಷ್ಟರಲ್ಲಿ ಪರದೆ ಬೆಳ್ಳಗಾಗಿ, ಮಧ್ಯದಲ್ಲೊಂದು ಚಕ್ರ ಗಿರಗಿರ ತಿರುಗುತ್ತಿರುತ್ತಿತ್ತು. ಕೊನೆಗೂ ಪುಸ್ತಕ ತೆರೆದುಕೊಂಡರೆ ಅದು ಓದುತ್ತಿದ್ದ ಪುಟವಲ್ಲ, ಅಧ್ಯಾಯದ ಮೊದಲ ಪುಟ. ಒಮ್ಮೊಮ್ಮೆ ಮುಖಪುಟವೇ.

ಟ್ಯಾಬ್ ಅವಳದ್ದೇನೂ ಅಲ್ಲ. ನಾದಿನಿ ವಿಜೇತಾ ಕಾಲೇಜಿಗೆ ಹೋಗುವಾಗ ಬಳಸುತ್ತಿದ್ದದ್ದು, ಮದುವೆಯಾಗಿ ಗೋವಾಕ್ಕೆ ಹೋಗುವಾಗ ಬಿಟ್ಟುಹೋದದ್ದು. ಮೂಲೆಯಲ್ಲಿ ಗಾಜು ಬಿರುಕು ಬಿಟ್ಟಿತ್ತು. ಬೆನ್ನಿಗೆ ವಿಜೇತಾ ಅಂಟಿಸಿದ್ದ ನೀಲಿ ನವಿಲಿನ ಸ್ಟಿಕ್ಕರ್ ಇನ್ನೂ ಇತ್ತು. ಬ್ಯಾಟರಿಯೂ ಅಷ್ಟಕ್ಕಷ್ಟೆ. ಹಾಗಾಗಿ ಸಂಧ್ಯಾ ಅದನ್ನು ಬೆಳಂಬಾರದ ಮನೆಯಲ್ಲೇ ಚಾರ್ಜಿಗೆ ಹಾಕಿಟ್ಟು, ಬೆಳಿಗ್ಗೆ ಬಸ್ಸು ಹತ್ತಿ ಕಾರವಾರದ ಬಟ್ಟೆ ಅಂಗಡಿಯ ಕೆಲಸಕ್ಕೆ ಹೋಗುತ್ತಿದ್ದಳು. ದಿನವಿಡೀ ಸೀರೆ ಬಿಚ್ಚಿ ತೋರಿಸಿ, ಮತ್ತೆ ಮಡಚಿ, ಸಂಜೆ ಮನೆಗೆ ಬಂದು ಚಾ ಕುಡಿದು ಟ್ಯಾಬ್ ಹಿಡಿದು ಜಗಲಿಯಲ್ಲಿ ಕೂತರೆ ಅವಳಿಗೆ ದಣಿವೆಲ್ಲ ಇಳಿದ ಹಾಗೆ.

ಆಗ ಓದುತ್ತಿದ್ದದ್ದು ಒಂದು ಪತ್ತೇದಾರಿ ಕಾದಂಬರಿ. ಮದುವೆ ಮನೆಯಲ್ಲಿ ಮದುಮಗಳ ವಜ್ರದ ಮೂಗುತಿ ಕಳುವಾಗಿದೆ. ಊರಿನ ಆಸ್ಪತ್ರೆಯ ಕಂಪೌಂಡರ್ ಬೆಳಗಿನ ಮಬ್ಬಿನಲ್ಲಿ ಚೀಲ ಹಿಡಿದು ಹಿತ್ತಲು ದಾಟಿ ಹೋದದ್ದನ್ನು ಅಡುಗೆಯವಳು ಕಂಡಿದ್ದಾಳೆ. ಸಂಧ್ಯಾ ಅಲ್ಲಿಯವರೆಗೆ ಬಂದಿದ್ದಳು.

ಮಾವ ಬೀರಾ ಮಾತ್ರ ಈ ಓದನ್ನು ಕಂಡಾಗಲೆಲ್ಲ ಮೂಗು ಮುರಿಯುತ್ತಿದ್ದರು. ಶೇಂಗಾ ಗದ್ದೆಯಿಂದ ಬಂದು ಕಾಲು ತೊಳೆಯುತ್ತ, "ಆಗದೇ ಇದ್ದ ಸುದ್ದಿ ಓದಿ ಎಂತ ಸಿಕ್ತದೆ? ಕಣ್ಣು ಹಾಳು, ಕರೆಂಟು ಹಾಳು," ಎನ್ನುವರು. ಸಂಧ್ಯಾ ನಕ್ಕು ಸುಮ್ಮನಾಗುವಳು.

ಹೀಗಿರುವಾಗ ಟ್ಯಾಬ್ ಹೊಸದೊಂದು ಆಟ ಶುರುಮಾಡಿತು. ಸಂಜೆ ತೆರೆದರೆ ಪುಸ್ತಕ ಹಿಂದೆ ಹೋಗಿರಲಿಲ್ಲ, ಮುಂದೆ ಹೋಗಿತ್ತು. ಅವಳು ಕಂಡೇ ಇರದ ಹೆಸರುಗಳು, ಪೊಲೀಸ್ ಠಾಣೆ, ಯಾರೋ ಅಳುತ್ತಿರುವುದು. ಕತೆಯ ಗುಟ್ಟು ಎಲ್ಲಿ ಕಣ್ಣಿಗೆ ಬಿದ್ದುಬಿಡುತ್ತದೋ ಎಂದು ಅವಳು ಕಣ್ಣು ಅರ್ಧ ಮುಚ್ಚಿಕೊಂಡೇ ಪುಟ ಹಿಂದೆ ಸರಿಸಿದಳು. ಮರುದಿನವೂ ಹಾಗೇ. ಮೇಲಿಂದ ಅಕ್ಷರಗಳು ಊದಿಕೊಂಡು, ಒಂದು ಪುಟದಲ್ಲಿ ನಾಲ್ಕು ಸಾಲು ಹಿಡಿದರೆ ಹೆಚ್ಚು.

"ಅತ್ತೆ, ಟ್ಯಾಬ್ ಯಾರಾದ್ರೂ ಮುಟ್ಟಿದ್ರಾ?"

"ನಂಗೆ ಎಂತ ಗೊತ್ತು ಮಾರಾಯ್ತಿ, ನಂಗೆ ಓದೂಕೆ ಬತ್ತದಾ?" ಸುಕ್ರಿ ಮೊರದಲ್ಲಿದ್ದ ಅಕ್ಕಿಯಿಂದ ತಲೆ ಎತ್ತಲಿಲ್ಲ.

ಗಂಡ ಗಣೇಶನನ್ನು ಕೇಳುವಂತೆಯೂ ಇಲ್ಲ. ಅವನು ಕದ್ರಾದ ವಿದ್ಯುತ್ ಕೇಂದ್ರದಲ್ಲಿ ಕೆಲಸಕ್ಕಿದ್ದು ಶನಿವಾರ ಸಂಜೆಗಷ್ಟೇ ಮನೆಗೆ ಬರುವವನು. ಟ್ಯಾಬ್ ಕೆಟ್ಟಿತು ಎಂದೇ ತೀರ್ಮಾನಿಸಿ ಸಂಧ್ಯಾ ಅದನ್ನು ಚೀಲಕ್ಕೆ ಹಾಕಿಕೊಂಡು ಕಾರವಾರಕ್ಕೆ ಒಯ್ದಳು. ಊಟದ ಬಿಡುವಿನಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರದ ಮೊಬೈಲ್ ರಿಪೇರಿ ಅಂಗಡಿಗೆ ಹೋದಳು. ಅಂಗಡಿಯವನ ಹೆಸರು ಕಿಶನ. ಕೈಯಲ್ಲಿ ಸಣ್ಣ ಸ್ಕ್ರೂಡ್ರೈವರ್, ಬಾಯಲ್ಲಿ ಮುಗಿಯದ ಮಾತು.

"ಫೋನ್ ಬಂದ್ರೆ ಪುಸ್ತಕ ಮೊದಲಿಂದ ಶುರುವಾಗ್ತದೆ ಅಲ್ವಾ ಅಕ್ಕಾ? ಅದು ರೋಗ ಅಲ್ಲ, ವಯಸ್ಸು," ಎಂದ ಅವನು. "ಹಳೇ ಟ್ಯಾಬ್, ಮೆಮರಿ ಕಮ್ಮಿ. ಒಳಗೆ ಒಬ್ರಿಗೇ ಜಾಗ. ಫೋನ್ ಬಂತು ಅಂದ್ರೆ ಪುಸ್ತಕವನ್ನ ಹೊರಗೆ ಹಾಕ್ತದೆ. ನೀವು ತಿರುಗಿ ಕರೆದ್ರೆ ಪಾಪ, ಅದು ಮತ್ತೆ ಮೊದಲಿಂದ ಲೋಡ್ ಆಗ್ಬೇಕು. ಓದಿದ ಜಾಗ ನೆನಪಿಟ್ಕೊಳ್ಳೂಕೆ ಮೊದಲೇ ಮುಚ್ಚಿ ಹೋಗಿದ್ರೆ ಹಿಂದಿನ ಪುಟ ತೋರಿಸ್ತದೆ."

"ಹಿಂದೆ ಹೋಗೂದು ನಂಗೂ ಗೊತ್ತು. ಇದು ಮುಂದೆ ಹೋಗ್ತಾ ಅದೆ!"

"ಮುಂದೆ ಹೋಗೂಕೆ ಸಾಧ್ಯವೇ ಇಲ್ಲ. ಮುಂದೆ ಹೋಗ್ಬೇಕಂದ್ರೆ ಯಾರಾದ್ರೂ ಓದ್ಬೇಕು." ಕಿಶನ ಟ್ಯಾಬನ್ನು ಮಗುಚಿದವನೇ ನವಿಲು ಕಂಡು ನಕ್ಕುಬಿಟ್ಟ. "ಅರೇ, ಇದು ಹೋದ ವಾರವೇ ಬಂದಿತ್ತಲ್ಲ! ಒಬ್ರು ಅಜ್ಜ ತಂದಿದ್ರು. ಟವೆಲ್‌ನಲ್ಲಿ ಸುತ್ಕಂಡು, ಕೂಸನ್ನ ತಂದ ಹಾಂಗೆ."

"ಅಜ್ಜನಾ?"

"ಹೌದು. ಬಿಸಿಲೂ ಇಲ್ಲ ಮಳೆಯೂ ಇಲ್ಲ, ಕೊಡೆ ಬಿಡಿಸಿ ಮುಖಕ್ಕೆ ಅಡ್ಡ ಹಿಡ್ಕಂಡೇ ನಿಂತಿದ್ರು. 'ಸೊಸೆ ಇಲ್ಲೇ ಕೆಲಸ ಮಾಡೂದು, ಕಂಡ್ರೆ ಕಷ್ಟ' ಅಂದ್ರು. ಪುಸ್ತಕ ಎಲ್ಲ ಅಳಿಸಿ ಹೋಗಿದೆ, ಹ್ಯಾಂಗಾದ್ರೂ ಮಾಡಿ ತಂದು ಕೊಡು ಅಂತ ಕೈ ಮುಗಿದ್ರು. ಅಳಿಸಿ ಎಂತ ಹೋಗಿತ್ತು? ಲೋಡ್ ಆಗಿ ಮುಖಪುಟಕ್ಕೆ ಬಂದಿತ್ತು ಅಷ್ಟೆ. ನಾನು ಅವರು ಹೇಳಿದ ಪುಟ ಹುಡುಕಿ ಕೊಟ್ಟೆ, ಅಕ್ಷರ ದೊಡ್ಡದು ಮಾಡೂದು ತೋರಿಸ್ದೆ. ಇಲ್ಲೇ ಸ್ಟೂಲಿನ ಮೇಲೆ ಕೂತು ಅಷ್ಟುದ್ದ ಓದಿಯೇ ಎದ್ರು. ಬಸ್ಸು ತಪ್ಪಿತು ಅಂತ ಆಮೇಲೆ ಓಡಿದ್ರು!"

ಸಂಧ್ಯಾ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. ಬೆಳಂಬಾರಕ್ಕೆ ಹತ್ತಿರದ ಅಂಕೋಲೆಯಲ್ಲೇ ಬೇಕಾದಷ್ಟು ರಿಪೇರಿ ಅಂಗಡಿ ಇವೆ. ಆದರೆ ಅಲ್ಲಿ ಮಾವನನ್ನು ಅರಿಯದವರಿಲ್ಲ. ಗುಟ್ಟು ಉಳಿಸಿಕೊಳ್ಳಲು ಆ ಮನುಷ್ಯ ಸೊಸೆ ಇರುವ ಊರಿಗೇ ಬರಬೇಕಾಯಿತು! ಮನೆಗೆ ಹೋಗುವ ಬಸ್ಸಿನಲ್ಲೂ ಅವಳಿಗೆ ಕೊಡೆ ಹಿಡಿದು ನಿಂತ ಮಾವನೇ ಕಣ್ಣ ಮುಂದೆ. ಪಕ್ಕದ ಸೀಟಿನವಳು ಎರಡು ಸಲ ತಿರುಗಿ ನೋಡಿದಳು.

ಆದರೆ ಮಾವನ ಎದುರು ನಿಂತು "ನೀವು ಕದ್ದು ಓದ್ತೀರಿ" ಎನ್ನುವುದು ಹೇಗೆ? ಆ ಮನೆಗೆ ಬಂದಾಗಿನಿಂದ ಅವಳು ಅವರಿಗೆ ಎದುರಾಡಿದವಳಲ್ಲ. ಅವರೂ ಅವಳಿಗೆ ದನಿ ಏರಿಸಿದವರಲ್ಲ. ಅವಳು ಚಾ ಕುಡಿಯುತ್ತಲೇ ಒಂದು ಉಪಾಯ ಹೂಡಿದಳು.

"ಅತ್ತೆ, ಇವತ್ತು ನಿಮಗೂ ಓದಿ ಹೇಳ್ತೆ, ಬನ್ನಿ," ಎಂದು ಸುಕ್ರಿಯನ್ನು ಜಗಲಿಗೆ ಕರೆದಳು. ಬೀರಾ ಅಲ್ಲೇ ಕಂಬಕ್ಕೆ ಒರಗಿ ಬೀಜದ ಶೇಂಗಾ ಸುಲಿಯುತ್ತಿದ್ದರು. ಎದ್ದು ಹೋಗಲಿಲ್ಲ, ಸ್ವಲ್ಪ ಆಚೆ ತಿರುಗಿ ಕೂತರು.

ಮೊದಲು ಸಂಧ್ಯಾ ಇದ್ದದ್ದನ್ನು ಇದ್ದ ಹಾಗೇ ಓದಿದಳು. ಶೇಂಗಾ ಸುಲಿಯುವ ಸದ್ದು ಮೆಲ್ಲಗಾಯಿತು. ಕಂಪೌಂಡರ್ ಹಿತ್ತಲು ದಾಟುವ ಹೊತ್ತಿಗೆ ಸದ್ದು ಪೂರ್ತಿ ನಿಂತಿತು. ಆಗ ಅವಳು ಪುಸ್ತಕದಲ್ಲಿ ಇಲ್ಲದ್ದನ್ನು ಓದತೊಡಗಿದಳು. "ಪೊಲೀಸರು ಕಂಪೌಂಡರನ ಚೀಲ ಕಸಿದುಕೊಂಡು ಕೊಡವಿದರು. ಥಳಥಳ ಹೊಳೆಯುವ ಮೂಗುತಿ ಕೆಳಗೆ ಬಿತ್ತು. ಕಳ್ಳ ಸಿಕ್ಕಿದ. ಅಲ್ಲಿಗೆ ಕತೆ ಮುಗಿಯಿತು."

"ಸುಳ್ಳು!" ಬೀರಾ ಎದ್ದೇ ನಿಂತರು. ಮಡಿಲಲ್ಲಿದ್ದ ಶೇಂಗಾ ಜಗಲಿ ತುಂಬ ಚೆಲ್ಲಿತು. "ಚೀಲದಲ್ಲಿ ಇದ್ದದ್ದು ಔಷಧಿ ಬಾಟ್ಲಿ! ಆಚೆ ಕೇರಿಯ ಬಾಣಂತಿಗೆ ಒಯ್ತಿದ್ದ. ಅವ ಪಾಪದವ, ಅವನ ಮೇಲೆ ಎಂತಕ್ಕೆ ಹಾಕ್ತೆ?"

ಬೀರಾ ತಾನು ಹೇಳಿದ್ದು ತನಗೇ ಕೇಳಿಸಿದವರಂತೆ ನಾಲಿಗೆ ಕಚ್ಚಿಕೊಂಡರು. ಸುಕ್ರಿ ಹೊಟ್ಟೆ ಹಿಡಿದು ನಗತೊಡಗಿದರು.

"ನಂಗೆ ಗೊತ್ತೇ ಇತ್ತು! ಮಧ್ಯಾಹ್ನ ಗಂಜಿ ಉಂಡ್ಕಂಡು ಕೊಟ್ಟಿಗೆ ಹಿಂದೆ ಹೋಗಿ ಕೂತ್ರೆ ದನ ಕೂಗಿದ್ರೂ ಕೇಳೂದಿಲ್ಲ ಇವ್ರಿಗೆ. ಹೇಳ್ಬೇಡ ಅಂತ ನನ್ನ ಬಾಯಿ ಮುಚ್ಸಿದ್ರು."

"ಬೇಜಾರು ಮಾಡ್ಕಳ್ಬೇಡ ತಂಗಿ," ಬೀರಾ ಶೇಂಗಾ ಆರಿಸುವ ನೆಪದಲ್ಲಿ ಕೆಳಗೇ ನೋಡುತ್ತ ಅಂದರು. "ಒಂದಿನ ಚಾರ್ಜಿನ ವಯರು ತೆಗೀವಾಗ ಅದಾಗೇ ತೆರ್ಕಂತು. ಎರಡು ಸಾಲು ಕಂಡೆ. ಮತ್ತೆ ಬಿಡೂಕೇ ಆಗಲಿಲ್ಲ. ಒಂದಿನ ಗಣೇಶ ಫೋನ್ ಮಾಡ್ದ, ಮಾತಾಡಿ ಇಟ್ಟು ನೋಡ್ರೆ ಪುಸ್ತಕ ಬೆಳ್ಳಗೆ! ನಿನ್ನ ಕತೆಯೆಲ್ಲ ನನ್ನ ಕೈಯಿಂದ ಅಳಿಸಿ ಹೋಯ್ತು ಅಂತ ಜೀವವೇ ಹೋದ ಹಾಂಗಾಯ್ತು."

ಕೊಟ್ಟಿಗೆಯ ಹಿಂದೆ ಒಬ್ಬರೇ ಕೂತು ಹೆದರಿದ ಆ ಮುಖ ಸಂಧ್ಯಾಳಿಗೆ ಕಂಡ ಹಾಗಾಯಿತು. "ಮಾವ, ನೀವು ಕೇಳಿದ್ರೆ ನಾನೇ ಕೊಡ್ತಿದ್ನಲ್ಲ!"

"ದಿನಾ ಬಯ್ಕಂಡು ಬಂದವ ಯಾವ ಬಾಯಲ್ಲಿ ಕೇಳೂದು?"

ಅಂದಿನಿಂದ ಮನೆಯ ಪದ್ಧತಿ ಬದಲಾಯಿತು. ಮಧ್ಯಾಹ್ನ ಬೀರಾ ಒಂದೊಂದೇ ಅಕ್ಷರ ಒತ್ತಿ ಒತ್ತಿ ಸುಕ್ರಿಗೆ ಓದಿ ಹೇಳುವುದು, ಸಂಜೆ ಸಂಧ್ಯಾ ಅದನ್ನು ಹಿಡಿಯುವುದು. ಪುಟದ ತುದಿಯಲ್ಲಿ ಗುರುತು ಹಾಕುವುದನ್ನು ಅವಳು ಮಾವನಿಗೆ ಕಲಿಸಿದಳು. ಭಜನೆಗೆ ಪ್ರತ್ಯೇಕ ಹೊತ್ತು ಗೊತ್ತಾಯಿತು. ಒಂದೇ ಕಷ್ಟವೆಂದರೆ ಬೀರಾ ಗದ್ದೆಯಲ್ಲಿ ಸಿಕ್ಕವರೊಂದಿಗೆಲ್ಲ ಕಂಪೌಂಡರನ ಪರ ವಾದ ಮಾಡುತ್ತಿದ್ದರು. ಪಕ್ಕದ ಗದ್ದೆಯ ತಿಮ್ಮು ಅದು ನಿಜವಾಗಿ ನಡೆದ ಸಂಗತಿಯೇ ಎಂದು ತಿಳಿದು, "ಆ ಕಂಪೌಂಡರ್ ನಮ್ಮ ಕಡೆಯವನಾ?" ಎಂದು ವಿಚಾರಿಸಿಕೊಂಡು ಮನೆಗೇ ಬಂದ.

ಕೊನೆಯ ಅಧ್ಯಾಯವನ್ನು ಭಾನುವಾರಕ್ಕೆ ಉಳಿಸಿಕೊಂಡರು. ಗಣೇಶನೂ ಇದ್ದ. ಬೀರಾ ಕನ್ನಡಕ ಒರೆಸಿಕೊಂಡು ತಾನೇ ಓದಲು ಕೂತರು. ಎಲ್ಲರನ್ನೂ ನಡುಮನೆಯಲ್ಲಿ ಕೂರಿಸಿದ ಪತ್ತೇದಾರ ಕಳ್ಳನತ್ತ ಕೈ ಎತ್ತಿದ್ದನಷ್ಟೆ, ಟ್ಯಾಬ್ ಟ್ರಿಂಗುಟ್ಟತೊಡಗಿತು. ಮೇಲೆ ವಿಜೇತಾಳ ಮುಖ.

"ಮುಟ್ಟಬೇಡಿ!" ಸಂಧ್ಯಾ ಕೂಗಿದಳು.

"ಮಗಳಲ್ದಾ..." ಸುಕ್ರಿ ಅರ್ಧ ಎದ್ದರು.

"ಮಗಳು ಎಲ್ಲೂ ಓಡಿ ಹೋಗೂದಿಲ್ಲ, ಕೂತ್ಕೋ," ಎಂದು ಬೀರಾ ಎರಡೂ ಕೈ ಮೇಲೆತ್ತಿ ಹಿಡಿದರು. ನಾಲ್ವರೂ ಉಸಿರು ಬಿಗಿಹಿಡಿದು ಕೂತರು. ಟ್ಯಾಬ್ ಹೊಡೆದುಕೊಂಡು ಹೊಡೆದುಕೊಂಡು ಸುಮ್ಮನಾಯಿತು. ಪುಟ ಇದ್ದಲ್ಲೇ ಇತ್ತು. ಬೀರಾ ನಿಟ್ಟುಸಿರು ಬಿಟ್ಟು ಓದಿದರು. ಮೂಗುತಿಯನ್ನು ಬಚ್ಚಿಟ್ಟವಳು ಮದುಮಗಳ ಅಜ್ಜಿಯೇ. ಹುಡುಗಿಗೆ ಮದುಮಗ ಇಷ್ಟವಿಲ್ಲ ಎಂಬುದು ಅವಳೊಬ್ಬಳಿಗೆ ತಿಳಿದಿತ್ತು. ಮದುವೆ ಮುಂದಕ್ಕೆ ಹೋಗಲೆಂದು ಮಾಡಿದ ಕೆಲಸ.

"ಕಡೀಗೂ ಕಂಪೌಂಡರ್ ಬಚಾವು!" ಎಂದು ಗಣೇಶ ಚಪ್ಪಾಳೆ ತಟ್ಟಿದ. ಸುಕ್ರಿ ಮಾತ್ರ ಅಜ್ಜಿ ಮಾಡಿದ್ದೇ ಸರಿ ಎಂದು ಹಠ ಹಿಡಿದರು.

ಆಮೇಲೆ ಫೋನ್ ಮಾಡಿದರೆ ವಿಜೇತಾ ಸಿಟ್ಟಾಗಿದ್ದಳು. "ಮನೆ ತುಂಬ ಜನ ಇದ್ಕಂಡೂ ಒಬ್ರೂ ಎತ್ತಲಿಲ್ಲ ಅಲ್ದಾ! ಎಂತ ಮಾಡ್ತಿದ್ರಿ?"

"ಓದ್ತಿದ್ವು," ಎಂದರು ಬೀರಾ.

"ಅಪ್ಪಾ, ನೀನಾ? ಎಂತ ಓದ್ತಿದ್ದೆ?"

ಬೀರಾ ಮದುವೆ ಮನೆಯಿಂದ ಹಿಡಿದು ಒಂದೂ ಬಿಡದೆ ಹೇಳುತ್ತ ಹೋದರು. ಪತ್ತೇದಾರ ಕಳ್ಳನತ್ತ ಕೈ ಎತ್ತುವವರೆಗೆ ಬಂದವರು ತಟ್ಟನೆ ನಿಲ್ಲಿಸಿದರು.

"ಮತ್ತೆ? ಕದ್ದದ್ದು ಯಾರು?" ವಿಜೇತಾಳ ದನಿಯಲ್ಲಿ ಸಿಟ್ಟು ಎಲ್ಲಿಯೋ ಹೋಗಿತ್ತು.

"ಅದನ್ನ ಫೋನಲ್ಲಿ ಹೇಳೂದಿಲ್ಲ. ಬರೂ ಭಾನುವಾರ ಊಟಕ್ಕೆ ಬಾ, ಓದಿ ಹೇಳ್ತೆ," ಎಂದರು ಬೀರಾ. ಅವಳು ಎಷ್ಟು ಗೋಗರೆದರೂ ಜಗ್ಗಲಿಲ್ಲ.